ಆರನೆಯ ಸ್ಮಾರಕ

೧೮೭೮ರ ವಸಂತಕಾಲದಲ್ಲಿ, ಅಮೆರಿಕದ ಕೆಂಟಕಿ ಸಂಸ್ಥಾನದಿಂದ ಹೊರಟು ಎಲ್ಲಿಸ್ ಎಂಬ ನಿಲ್ದಾಣದವರೆಗೆ ರೈಲಿನಲ್ಲಿ ಬಂದು, ಅಲ್ಲಿ ದಡಾರದ ಬೇನೆಗೆ ತಮ್ಮ ಮಕ್ಕಳಲ್ಲಿ ಕೆಲವರನ್ನು ಕಳೆದುಕೊಂಡು, ಪರಸ್ಥಳದ ಮಣ್ಣಿನಲ್ಲಿ ಅವರನ್ನು ಹೂಳಿ, ಉಳಿದವರ ಕೈಹಿಡಿದುಕೊಂಡು, ದಾರಿಯೆಂಬುದೇ ಇಲ್ಲದ ಹುಲ್ಲಿನ ಬಯಲನ್ನು ದಿಕ್ಸೂಚಿಯ ನೆರವಿನಿಂದ ಎರಡು ದಿವಸ ದಾಟಿದ ಒಂದು ಗುಂಪಿನಲ್ಲಿ ವಿಲಿಯಾನಾ ಹಿಕ್‌ಮನ್ ಎಂಬ ಗೃಹಿಣಿಯಿದ್ದಳು. ಮುಂದೆ ನಡೆಯುತ್ತಿದ್ದ ಗಂಡಸರು ಅಗೋ ನಮ್ಮ ಊರು ಎಂದು ಹರ್ಷದಿಂದ ಕೈತೋರಿದಾಗ ಆಕೆ ಕಣ್ಣಗಲಿಸಿ ನೋಡಿದಳು. ಮನೆಯಿಲ್ಲ, ಮರವಿಲ್ಲ, ಗುಡಿಯ ಶಿಖರವೊಂದಿಲ್ಲ. ನೆಲದೊಳಗಿನಿಂದ ಅಲ್ಲಲ್ಲಿ ಹೊಗೆಯೇಳುತ್ತಿದ್ದುದಷ್ಟೇ ಕಂಡಿತು. ಆ ಹೊಗೆಯೇ ಊರು. ಅವರಿಗಿಂತ ಮುಂಚೆ ಬಂದವರು ಭೂಮಿಯನ್ನು ತೋಡಿ, ಡಗೌಟ್ ಎಂದು ಅಲ್ಲಿಯವರು ಕರೆಯುವ ನೆಲಮನೆಗಳಲ್ಲಿ ಒಂದು ಚಳಿಗಾಲವನ್ನು ಕಳೆದು ಜೀವ ಹಿಡಿದುಕೊಂಡಿದ್ದರು. ಅದನ್ನು ಕಂಡು ತಾನು ಅತ್ತುದನ್ನು ಆಕೆ ಮುಪ್ಪಿನಲ್ಲಿ ನೆನೆದು ಹೇಳಿಕೊಂಡುದು ದಾಖಲೆಯಾಗಿ ಉಳಿದಿದೆ.

ಆ ಊರಿನ ಹೆಸರು ನಿಕೋಡೀಮಸ್. ಕ್ಯಾನ್ಸಸ್ ಸಂಸ್ಥಾನದ ವಾಯವ್ಯ ಭಾಗದ ಗ್ರಹಾಂ ಜಿಲ್ಲೆಯಲ್ಲಿ, ಸಾಲೊಮನ್ ನದಿಯ ದಕ್ಷಿಣ ಕವಲಿನ ಸಮೀಪದಲ್ಲಿ, ಪ್ರೇರಿ ಎಂದು ಹೆಸರಾದ ಆ ಅಪಾರ ತೃಣಭೂಮಿಯ ನಡುವೆ, ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರು ೧೮೭೭ರಲ್ಲಿ ನೆಲೆಗೊಳಿಸಿದ ಊರು ಅದು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಅವರು ಅಂದು ಕಟ್ಟಿದ ಊರುಗಳಲ್ಲಿ ಇಂದಿಗೂ ಒಲೆಯುರಿಯುತ್ತಿರುವ ಅತ್ಯಂತ ಹಳೆಯ ಊರೆಂದು ಅದಕ್ಕೆ ಪ್ರಸಿದ್ಧಿಯುಂಟು. ೨೦೨೦ರ ಜನಗಣತಿಯ ಪ್ರಕಾರ ಅಲ್ಲಿರುವವರು ೧೪ ಮಂದಿ. ನಮ್ಮ ಕಡೆಯ ಹಿಂದಿನ ಕಾಲದ ಒಂದು ಅವಿಭಕ್ತ ಕುಟುಂಬದಲ್ಲಿ ಊಟದ ಮೊದಲ ಪಂಕ್ತಿಗೆ ಕೂರುತ್ತಿದ್ದವರು ಅದಕ್ಕಿಂತ ಹೆಚ್ಚು.

ಈ ಸಂಖ್ಯೆಯನ್ನು ಓದಿದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. ಕಾಲಧರ್ಮವೇ ಹೀಗೆ, ಹಳ್ಳಿಗಳು ಹುಟ್ಟುತ್ತವೆ, ಬೆಳೆಯುತ್ತವೆ, ಅಳಿಯುತ್ತವೆ ಎಂಬುದು ಒಂದು. ಹೇಗೂ ಸರಕಾರವು ಆ ಊರನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಸಾರಿ ಅದರ ಹಳೆಯ ಕಟ್ಟಡಗಳನ್ನು ಕಾಪಾಡುತ್ತಿದೆಯಲ್ಲ, ಇನ್ನೇನು ಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಶೋಕದ ಛಾಯೆಯಿದೆ, ಎರಡನೆಯದರಲ್ಲಿ ಸಮಾಧಾನದ ಛಾಯೆಯಿದೆ. ಆದರೆ ಇವೆರಡೂ ಅರ್ಧಸತ್ಯಗಳೆಂದೂ, ಅರ್ಧಸತ್ಯವನ್ನು ನೆಚ್ಚಿದವರ ಕೈಯಲ್ಲಿ ಊರು ಉಳಿಯಲಾರದೆಂದೂ ನನ್ನ ಅಭಿಪ್ರಾಯ. ನಿಕೋಡೀಮಸ್ ಕುಗ್ಗಿದುದಕ್ಕೆ ಮನುಷ್ಯರ ನಿರ್ಣಯಗಳು ಕಾರಣವಾದುವು; ಅದು ಮುಂದೆ ಬಾಳುವುದಾದರೆ ಅದರ ಜನರು ತಮ್ಮ ಹೊಲವನ್ನು ಹಿಡಿದುಕೊಂಡು ಬಾಳಬೇಕು. ಈ ಮಾತನ್ನು ಸಮರ್ಥಿಸಲು ಅದರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಕೆಂಟಕಿಯು ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ಸಂಸ್ಥಾನಗಳೊಡನೆ ಸೇರದೆ ಒಕ್ಕೂಟದಲ್ಲೇ ಉಳಿದಿತ್ತಾದ ಕಾರಣ, ಲಿಂಕನ್ ಮಹಾಶಯನು ೧೮೬೩ರಲ್ಲಿ ಹೊರಡಿಸಿದ ವಿಮೋಚನಾ ಘೋಷಣೆಯು ಅಲ್ಲಿಯ ದಾಸರಿಗೆ ಅನ್ವಯಿಸಲಿಲ್ಲ. ೧೮೬೫ರ ಡಿಸೆಂಬರಿನಲ್ಲಿ ಸಂವಿಧಾನದ ೧೩ನೆಯ ತಿದ್ದುಪಡಿ ಜಾರಿಗೆ ಬಂದ ಮೇಲೆಯೇ ಅವರ ಸಂಕೋಲೆ ಪೂರ್ತಿಯಾಗಿ ಕಳಚಿದುದು. ಕಳಚಿದ ಮೇಲೆ ಅವರ ಕೈಗೆ ಬಂದುದೇನು? ತಲೆಮಾರುಗಳಿಂದ ತಾವೇ ಉತ್ತು ಬಿತ್ತಿದ ನೆಲದಲ್ಲಿ ಒಂದು ಅಂಗೈಯಗಲವೂ ಅವರದಾಗಲಿಲ್ಲ. ಬಿಡುಗಡೆಗೊಂಡ ಕುಟುಂಬಗಳಿಗೆ ತಲಾ ೪೦ ಎಕರೆಯಂತೆ ಹಂಚಿಕೊಡಲು ಸೇನಾಪತಿ ಷರ್ಮನ್ನನು ದಕ್ಷಿಣದ ಕಡಲಂಚಿನಲ್ಲಿ ೧೮೬೫ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯನ್ನು ಅಧ್ಯಕ್ಷ ಆಂಡ್ರೂ ಜಾನ್ಸನ್ನನು ಅದೇ ವರ್ಷ ಹಿಂದೆಗೆದುಕೊಂಡು, ಭೂಮಿಯನ್ನು ಹಳೆಯ ಯಜಮಾನರಿಗೇ ಮರಳಿಸಿದನು. ಆಮೇಲೆ ಉಳಿದುದು ಪಾಲಿಗೆ ಮಾಡುವ ಬೇಸಾಯ, ತೀರದ ಸಾಲ, ಮುಖವಾಡ ತೊಟ್ಟು ರಾತ್ರಿಯಲ್ಲಿ ಬರುವವರ ಭಯ. ೧೮೭೭ರಲ್ಲಿ ಕೇಂದ್ರದ ಸೇನೆ ದಕ್ಷಿಣವನ್ನು ತೊರೆದಾಗ ಹಲವರ ಕೊನೆಯ ಆಸೆಯೂ ಆರಿತು.

ಆ ವೇಳೆಗೆ ಪಶ್ಚಿಮದಿಂದ ಕ್ಯಾನ್ಸಸ್ಸಿನ ಹೆಸರು ಕೇಳಿಬಂದಿತು. ದಾಸ್ಯ ಬೇಕೆಂಬವರಿಗೂ ಬೇಡವೆಂಬವರಿಗೂ ನಡೆದ ರಕ್ತಮಯವಾದ ಹೋರಾಟದ ತರುವಾಯ ೧೮೬೧ರಲ್ಲಿ ದಾಸ್ಯವಿಲ್ಲದ ಸಂಸ್ಥಾನವಾಗಿ ಒಕ್ಕೂಟವನ್ನು ಸೇರಿದ ನಾಡು ಅದು. ಜಾನ್ ಬ್ರೌನನು ದಾಸ್ಯದ ವಿರುದ್ಧ ಶಸ್ತ್ರವೆತ್ತಿ ನಿಂತ ನೆಲ ಅದು. ೧೮೬೨ರ ಹೋಮ್‌ಸ್ಟೆಡ್ ಶಾಸನದ ಪ್ರಕಾರ, ಅಲ್ಪ ಶುಲ್ಕವನ್ನು ತೆತ್ತು, ಐದು ವರ್ಷ ಅಲ್ಲಿಯೇ ನೆಲಸಿ ಬೇಸಾಯ ಮಾಡಿದವನಿಗೆ ೧೬೦ ಎಕರೆ ಸರಕಾರಿ ಭೂಮಿ ಸ್ವಂತವಾಗುತ್ತಿತ್ತು. ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ನಿವೇಶನ ವ್ಯಾಪಾರಿಯೂ, ಡಬ್ಲ್ಯು. ಎಚ್. ಸ್ಮಿತ್ ಮತ್ತು ಪಾದ್ರಿ ಸೈಮನ್ ರೌಂಡ್‌ಟ್ರೀ ಮೊದಲಾದ ಕಪ್ಪು ಮುಖಂಡರೂ ಕೂಡಿ ೧೮೭೭ರ ಏಪ್ರಿಲಿನಲ್ಲಿ ನಿಕೋಡೀಮಸ್ ಟೌನ್ ಕಂಪನಿಯನ್ನು ಸ್ಥಾಪಿಸಿ, ಸಮಸ್ತ ಕಪ್ಪು ಪೌರರನ್ನು ಉದ್ದೇಶಿಸಿ ಕರಪತ್ರಗಳನ್ನು ಹಂಚಿದರು. ಅವುಗಳಲ್ಲಿ ವರ್ಣಿತವಾದ ಫಲವತ್ತಾದ ಭೂಮಿ, ಸಮೃದ್ಧವಾದ ನೀರು ಇವೆಲ್ಲ ಕೆಂಟಕಿಯ ಬಡ ಒಕ್ಕಲಿಗನ ಕಿವಿಗೆ ವಾಗ್ದತ್ತ ಭೂಮಿಯ ಸುವಾರ್ತೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಹೆಸರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆಫ್ರಿಕದಿಂದ ದಾಸನಾಗಿ ಬಂದು ತನ್ನ ಸ್ವಾತಂತ್ರ್ಯವನ್ನು ತಾನೇ ಕೊಂಡುಕೊಂಡ ಒಬ್ಬ ಪುರುಷನ ಐತಿಹ್ಯದಿಂದ ಈ ಹೆಸರು ಬಂದಿತೆಂದು ಕೆಲವರೂ, ಬೈಬಲ್ಲಿನ ಒಬ್ಬ ಪುರುಷನಿಂದ ಬಂದಿತೆಂದು ಕೆಲವರೂ ಹೇಳುವುದುಂಟು. ಕನ್ನಡ ಬೈಬಲ್ಲಿನ ಓದುಗರು ಈ ಎರಡನೆಯವನನ್ನು ನಿಕೊದೇಮನೆಂಬ ಹೆಸರಿನಿಂದ ಬಲ್ಲರು: ವಯಸ್ಸಾದ ಮನುಷ್ಯನು ಎರಡನೆಯ ಸಲ ಹುಟ್ಟುವುದು ಹೇಗೆ ಎಂದು ರಾತ್ರಿಯ ಹೊತ್ತು ಯೇಸುವನ್ನು ಕೇಳಿದವನು ಆತ. ಮೂಲ ಯಾವುದೇ ಆಗಿರಲಿ, ಅರ್ಧ ಆಯುಸ್ಸನ್ನು ಮತ್ತೊಬ್ಬನ ಸ್ವತ್ತಾಗಿ ಕಳೆದು ಉಳಿದರ್ಧವನ್ನು ತನ್ನ ಸ್ವಂತದ್ದಾಗಿ ಆರಂಭಿಸಲು ಹೊರಟ ಜನರಿಗೆ ಆ ಪ್ರಶ್ನೆ ಕೇವಲ ವೇದಾಂತದ ಪ್ರಶ್ನೆಯಾಗಿರಲಾರದು.

ಮೊದಲ ಸಣ್ಣ ತಂಡ ಟೊಪೀಕಾ ನಗರದಿಂದ ೧೮೭೭ರ ಜುಲೈಯಲ್ಲಿಯೂ, ಕೆಂಟಕಿಯ ಸುಮಾರು ೩೦೦ ಜನರ ದೊಡ್ಡ ತಂಡ ಸೆಪ್ಟೆಂಬರಿನಲ್ಲಿಯೂ ಬಂದುವು. ಎಲ್ಲಿಸ್ ನಿಲ್ದಾಣದಿಂದ ಊರಿನ ನೆಲೆಗೆ ಸುಮಾರು ೩೫ ಮೈಲಿಯ ನಡಿಗೆ. ಕರಪತ್ರದಲ್ಲಿ ಓದಿದ ಊರು ಅಲ್ಲಿರಲಿಲ್ಲ, ಬಿತ್ತನೆಗೆ ಕಾಲ ಮೀರಿತ್ತು, ತೊಲೆಗೆ ಮರವಿರಲಿಲ್ಲ. ಹಲವು ಕುಟುಂಬಗಳು ಬಂದ ದಾರಿಯಲ್ಲೇ ಹಿಂದಿರುಗಿದುವು. ಉಳಿದವರು ನೆಲವನ್ನು ಅಗೆದು ಒಳಹೊಕ್ಕು, ಒಣಹುಲ್ಲನ್ನೂ ಬೆರಣಿಯನ್ನೂ ಉರಿಸಿ ಚಳಿಯನ್ನು ಕಳೆದರು. ಆ ಮೊದಲ ಶೀತಕಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಇವರಿಗೊಂದು ಪಾಲು ಕೊಟ್ಟು ಹೋದರೆಂಬುದು ಊರಿನವರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಮಾತು.

ಈ ಮಾತನ್ನು ಕೇಳಿದಾಗ ಮನಸ್ಸು ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕು. ಓಸೇಜರು ಕ್ಯಾನ್ಸಸ್ಸಿನಲ್ಲಿದ್ದ ತಮ್ಮ ನೆಲವನ್ನು ಬಿಟ್ಟುಕೊಟ್ಟು ದಕ್ಷಿಣದ ಇಂಡಿಯನ್ ಪ್ರಾಂತಕ್ಕೆ ಸರಿದು ಆಗ ಹತ್ತು ವರ್ಷವೂ ಆಗಿರಲಿಲ್ಲ. ಆ ಬಯಲಿನಲ್ಲಿ ಬೇಟೆಯಾಡುತ್ತಿದ್ದ ಪಾನಿ ಜನರನ್ನು ಅದೇ ದಶಕದಲ್ಲಿ ಅಲ್ಲಿಂದ ತೆರವು ಮಾಡಿಸಲಾಗಿತ್ತು. ಮರುವರ್ಷ, ಎಂದರೆ ೧೮೭೮ರ ಶರತ್ಕಾಲದಲ್ಲಿ, ಉತ್ತರದ ಶಾಯೆನ್ ಬಣದ ಹೆಂಗಸರೂ ಮಕ್ಕಳೂ ಮುದುಕರೂ ತಮ್ಮ ತಾಯ್ನೆಲಕ್ಕೆ ಮರಳುವ ಹಟದಿಂದ, ಸೈನ್ಯವು ಬೆನ್ನಟ್ಟುತ್ತಿರುವಂತೆಯೇ, ಪಶ್ಚಿಮ ಕ್ಯಾನ್ಸಸ್ಸನ್ನು ಹಾದುಹೋದರು. ಸರಕಾರವು ಉದಾರವಾಗಿ ಹಂಚಿದ ೧೬೦ ಎಕರೆಗಳ ಹಿಂದೆ ಈ ನಿರ್ವಾಸನವಿದ್ದುದನ್ನು ಮುಚ್ಚಿಟ್ಟು ನಿಕೋಡೀಮಸ್ಸಿನ ಕಥೆಯನ್ನು ಹೇಳುವುದು ಸರಿಯಲ್ಲ. ಹಾಗೆಂದು ಆ ಪಾಪದ ಹೊರೆಯನ್ನು, ಆ ವ್ಯವಸ್ಥೆಯಲ್ಲಿ ಆಯುಸ್ಸಿನ ಬಹುಭಾಗವನ್ನು ಒಂದು ಓಟಿನ ಬಲವೂ ಇಲ್ಲದೆ ಬಾಳಿದವರ ತಲೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ನೆಲ ಕಳೆದುಕೊಂಡವರು, ನೆಲವನ್ನೇ ಎಂದೂ ಕಾಣದವರಿಗೆ ಅನ್ನವಿಕ್ಕಿದರೆಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಮುಂದೆ ನಾನು ಭೂಮಿಯ ವಿಷಯದಲ್ಲಿ ಹೇಳಲಿರುವ ಮಾತಿಗೆ ಅದರಿಂದ ತೂಕ ಹೆಚ್ಚುತ್ತದೆ.

ಪ್ರೇರಿಯ ನೆಲವನ್ನು ಒಡೆಯುವ ಕಷ್ಟವನ್ನು ನಮ್ಮ ಎರೆಭೂಮಿಯ ರೈತನಾದರೂ ಸುಲಭವಾಗಿ ಊಹಿಸಲಾರನು. ಸಹಸ್ರಾರು ವರ್ಷ ನೇಗಿಲನ್ನು ಕಾಣದೆ ಹುಲ್ಲಿನ ಬೇರುಗಳು ಹೆಣೆದು ಹೆಣೆದು ಚಾಪೆಯಂತೆ ಬಿಗಿದುಕೊಂಡ ಮಣ್ಣು ಅದು. ಅದನ್ನು ಸೀಳಲು ಉಕ್ಕಿನ ನೇಗಿಲೂ ಬಲವಾದ ಪಶುಗಳೂ ಬೇಕು. ಮೊದಲ ವಸಂತದಲ್ಲಿ ಇಡೀ ಊರಿಗೆ ಇದ್ದುದು ಮೂರು ಕುದುರೆಗಳೆಂದು ಹೇಳುತ್ತಾರೆ. ಒಬ್ಬನು ಹಾಲು ಕರೆಯುವ ಹಸುವನ್ನೇ ನೇಗಿಲಿಗೆ ಹೂಡಿದನಂತೆ. ಉಳಿದವರು ಗುದ್ದಲಿ ಸನಿಕೆಗಳಿಂದ ಗೇಣುಗೇಣಾಗಿ ನೆಲವನ್ನು ಕೆದಕಿ ಬಿತ್ತಿದರು. ಕಾಳು ಕೈಗೆ ಬರುವವರೆಗೆ, ಬೇಟೆಗಾರರು ಕೊಂದು ಬಯಲಿನಲ್ಲಿ ಬಿಟ್ಟುಹೋಗಿದ್ದ ಕಾಡುಕೋಣಗಳ ಎಲುಬನ್ನು ಆಯ್ದು ಮಾರಿದರು. ಗಂಡಸರು ದೂರದ ರೈಲುಕೆಲಸಕ್ಕೆ ಕೂಲಿಹೋದರು. ಜೆನ್ನಿ ಫ್ಲೆಚರ್ ಎಂಬಾಕೆ ತನ್ನ ನೆಲಮನೆಯಲ್ಲಿಯೇ ಮಕ್ಕಳನ್ನು ಕೂರಿಸಿಕೊಂಡು ಶಾಲೆ ತೆರೆದಳು. ಅಕ್ಷರ ಕಲಿಯುವುದನ್ನು ಹಲವು ಸಂಸ್ಥಾನಗಳ ಕಾನೂನು ಅಪರಾಧವೆಂದು ಎಣಿಸಿದ್ದ ಜನಾಂಗವು, ಮೇಲೆ ಮಾಡು ಸರಿಯಾಗಿ ನಿಲ್ಲುವುದಕ್ಕೆ ಮುಂಚೆಯೇ ಮಕ್ಕಳ ಕೈಗೆ ಪುಸ್ತಕ ಕೊಟ್ಟಿತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಗೆಯ ಊರು ಕಲ್ಲಿನ ಊರಾಯಿತು. ೧೮೮೦ರ ಗಣತಿಯಲ್ಲಿ ಊರೂ ಸುತ್ತಣ ಪ್ರದೇಶವೂ ಸೇರಿ ೨೫೮ ಮಂದಿ ಕಪ್ಪುಜನರೂ ೫೮ ಮಂದಿ ಬಿಳಿಯರೂ ಇದ್ದರು. ಸುಣ್ಣಕಲ್ಲಿನ ಗೋಡೆಗಳ ಅಂಗಡಿಗಳೂ, ಸೇಂಟ್ ಫ್ರಾನ್ಸಿಸ್ ಎಂಬ ಹೋಟೆಲೂ, ಪ್ರಾರ್ಥನಾಮಂದಿರಗಳೂ, ೧೮೮೬ ಮತ್ತು ೧೮೮೭ರಲ್ಲಿ ಒಂದಾದ ಮೇಲೊಂದರಂತೆ ಎರಡು ವೃತ್ತಪತ್ರಿಕೆಗಳೂ ಹುಟ್ಟಿಕೊಂಡುವು. ಅಲ್ಲಿಗೆ ೧೮೭೮ರಲ್ಲಿ ಬಂದು ನೆಲಸಿದ ಎಡ್ವರ್ಡ್ ಮೆಕೇಬ್ ಎಂಬ ತರುಣನು ೧೮೮೨ರಲ್ಲಿ ಕ್ಯಾನ್ಸಸ್ ಸಂಸ್ಥಾನದ ಲೆಕ್ಕಪರಿಶೋಧಕನಾಗಿ ಚುನಾಯಿತನಾದನು. ಆ ಸಂಸ್ಥಾನದಲ್ಲಿ ಸಮಸ್ತ ಮತದಾರರಿಂದ ಅಂಥ ಪದವಿಗೆ ಆರಿಸಲ್ಪಟ್ಟ ಮೊದಲ ಕಪ್ಪುಮನುಷ್ಯನು ಅವನೇ. ನೆಲದೊಳಗೆ ಹೊಕ್ಕವರು ಐದು ವರ್ಷದೊಳಗೆ ತಮ್ಮಲ್ಲೊಬ್ಬನನ್ನು ರಾಜಧಾನಿಗೆ ಕಳುಹಿಸಿದರೆಂದರೆ, ಸ್ವಂತ ನೆಲವೆಂಬುದು ಮನುಷ್ಯನ ಬೆನ್ನನ್ನು ಎಷ್ಟು ಬೇಗ ನೆಟ್ಟಗೆ ಮಾಡುತ್ತದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗದು.

ಆ ಬಳಿಕ ಬಂದುದು ರೈಲಿನ ಪ್ರಸಂಗ. ಪ್ರೇರಿಯಲ್ಲಿ ರೈಲು ಬಂದ ಊರು ಪಟ್ಟಣ, ಬಾರದ ಊರು ಪಾಳು. ಬೆಳೆದ ಗೋದಿಯನ್ನು ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ ಸಾಗಿಸಿದರೆ ಬಂದ ಲಾಭವೆಲ್ಲ ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಇದನ್ನು ಅರಿತ ನಿಕೋಡೀಮಸ್ಸಿನ ಜನ ೧೮೮೭ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಗೆ ೧೬,೦೦೦ ಡಾಲರುಗಳ ಸಾಲಪತ್ರಗಳನ್ನು ಕೊಡಲು ಮತ ಹಾಕಿ ಒಪ್ಪಿದರು. ಮಾತುಕತೆ ಮುರಿಯಿತು, ಆ ರೈಲು ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಕಿದುದು ನದಿಯ ಆಚೆಯ ದಡದಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ. ಅಲ್ಲಿ ಕೆಲಸಗಾರರ ಬಿಡಾರವಾಗಿದ್ದ ಜಾಗವೇ ಬೋಗ್ ಎಂಬ ಊರಾಯಿತು. ನಿಕೋಡೀಮಸ್ಸಿನ ವರ್ತಕರು ಒಬ್ಬೊಬ್ಬರಾಗಿ ಅಂಗಡಿಗಳನ್ನು ಕಿತ್ತುಕೊಂಡು ಹಳಿಯ ಪಕ್ಕಕ್ಕೆ ನಡೆದರು; ಪತ್ರಿಕೆಗಳು ನಿಂತುವು. ಒಂದು ನಕ್ಷೆಯ ಮೇಲೆ ಎಳೆದ ಗೆರೆ ಅತ್ತ ಸರಿದುದರಿಂದ, ಹನ್ನೊಂದು ವರ್ಷ ಕಲ್ಲುಹೊತ್ತು ಕಟ್ಟಿದ ಪೇಟೆ ಎರಡೇ ವರ್ಷಗಳಲ್ಲಿ ಬರಿದಾಯಿತು. ಇದನ್ನು ಕಾಲಧರ್ಮವೆಂದು ಕರೆಯಲು ನನಗೆ ಮನಸ್ಸು ಬಾರದು.

ಆದರೆ ಗಮನಿಸತಕ್ಕ ಸಂಗತಿಯೆಂದರೆ, ಪೇಟೆ ಹೋದರೂ ಊರು ಹೋಗಲಿಲ್ಲ. ಅಂಗಡಿಯವರು ಹೊರಟರು, ಹೊಲದವರು ನಿಂತರು. ಶ್ರದ್ಧಾವಂತರಾದ ಬ್ಯಾಪ್ಟಿಸ್ಟರು ೧೯೦೭ರಲ್ಲಿ ತಮ್ಮ ಮಂದಿರವನ್ನು ಹೊಸದಾಗಿ ಕಟ್ಟಿಕೊಂಡರು. ೧೯೧೮ರಲ್ಲಿ ಶಾಲೆಗೆ ಹೊಸ ಕಟ್ಟಡ ಬಂದಿತು. ರೈಲು ಕೈಬಿಟ್ಟ ಮೂವತ್ತು ವರ್ಷಗಳ ತರುವಾಯ ಒಂದು ಸಮುದಾಯವು ಶಾಲೆ ಕಟ್ಟುತ್ತಿದೆಯೆಂದರೆ ಅದು ಸಾಯುತ್ತಿರುವ ಸಮುದಾಯವಲ್ಲ. ಅದಕ್ಕೆ ಬುಡವಾಗಿದ್ದುದು ಸುತ್ತಣ ಕುಟುಂಬಗಳ ಹೆಸರಿನಲ್ಲಿದ್ದ ಭೂಮಿ. ಆ ಭೂಮಿ ಕೈಬಿಡತೊಡಗಿದಾಗಲೇ ಊರಿನ ನಿಜವಾದ ಕ್ಷಯ ಆರಂಭವಾದುದು.

ನಿಕೋಡೀಮಸ್ ಇರುವುದು ನೂರನೆಯ ರೇಖಾಂಶದ ಅಂಚಿನಲ್ಲಿ. ಅದರಿಂದ ಪಶ್ಚಿಮಕ್ಕೆ ನೀರಾವರಿಯಿಲ್ಲದೆ ಬೇಸಾಯವನ್ನು ನಂಬಲಾಗದೆಂದು ಜಾನ್ ವೆಸ್ಲಿ ಪವೆಲ್ ಎಂಬ ಭೂವಿಜ್ಞಾನಿಯು ೧೮೭೮ರಷ್ಟು ಹಿಂದೆಯೇ ಸರಕಾರಕ್ಕೆ ವರದಿ ಕೊಟ್ಟಿದ್ದನು. ನೇಗಿಲು ಹೋದಲ್ಲಿಗೆ ಮಳೆಯೂ ಹಿಂಬಾಲಿಸುತ್ತದೆಂದು ಹೇಳುತ್ತಿದ್ದ ನಿವೇಶನ ವ್ಯಾಪಾರಿಗಳ ಗದ್ದಲದಲ್ಲಿ ಅವನ ಮಾತನ್ನು ಕೇಳಿದವರು ವಿರಳ. ೧೯೩೦ರ ದಶಕದಲ್ಲಿ ಬೇರಿನ ಚಾಪೆಯನ್ನು ಕಳೆದುಕೊಂಡ ಮಣ್ಣು ಬರಗಾಲದಲ್ಲಿ ಪುಡಿಯಾಗಿ ಗಾಳಿಗೇರಿ ಹಗಲನ್ನು ಇರುಳು ಮಾಡಿತು. ಗೋದಿಯ ಬೆಲೆ ಬಿದ್ದಿತು, ಸಾಲ ಬೆಳೆಯಿತು, ಯುವಕರು ಡೆನ್ವರ್, ಟೊಪೀಕಾ, ಇನ್ನೂ ದೂರದ ನಗರಗಳಿಗೆ ಕೆಲಸ ಹುಡುಕಿಕೊಂಡು ಹೋದರು. ೧೯೩೯ರಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರಕಾರದ ಯೋಜನೆಯಲ್ಲಿ ಒಂದು ಪುರಭವನ ಕಟ್ಟಿಕೊಂಡುದು ಆ ಕಾಲದ ಒಂದೇ ಬೆಳಕು. ೧೯೫೩ರಲ್ಲಿ ಅಂಚೆಕಚೇರಿಗೆ ಬೀಗ ಬಿದ್ದಿತು. ೧೯೬೦ರಲ್ಲಿ ಶಾಲೆ ಮುಚ್ಚಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಕುಗ್ಗಿದುದು ನಿಕೋಡೀಮಸ್ ಒಂದೇ ಏನು? ಗ್ರಹಾಂ ಜಿಲ್ಲೆಯಲ್ಲಿ ೧೯೧೦ರಲ್ಲಿ ೮,೦೦೦ಕ್ಕೂ ಹೆಚ್ಚು ಜನರಿದ್ದು ೨೦೨೦ರಲ್ಲಿ ಸುಮಾರು ೨,೪೦೦ ಮಂದಿ ಉಳಿದಿದ್ದಾರೆ. ಅವರಲ್ಲಿ ಬಹುಪಾಲು ಬಿಳಿಯರೇ. ಒಂದು ಕಾಲಕ್ಕೆ ಒಂದು ಕುಟುಂಬವನ್ನು ಹೊರುತ್ತಿದ್ದ ೧೬೦ ಎಕರೆ ಇಂದು ಯಂತ್ರದ ಬೆಲೆಯ ಬಡ್ಡಿಗೂ ಸಾಲದು. ಇಂದಿನ ಕ್ಯಾನ್ಸಸ್ಸಿನಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರ ೮೦೦ ಎಕರೆಯ ಆಸುಪಾಸಿನಲ್ಲಿದೆ. ನೂರು ಜನರ ಕೊಯ್ಲನ್ನು ಒಂದು ಯಂತ್ರವೂ ಒಬ್ಬ ಸಾರಥಿಯೂ ಮಾಡಿ ಮುಗಿಸುವಲ್ಲಿ ನೂರು ಜನರಿಗೆ ಬೇಕಾದ ಅಂಗಡಿ, ಶಾಲೆ, ವೈದ್ಯಶಾಲೆಗಳು ಹೇಗೆ ನಿಂತಾವು? ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಬಿಳಿಯ ರೈತನ ಊರೂ ಬಡವಾಯಿತು, ಅವನ ದುಃಖವೂ ದುಃಖವೇ. ಆದರೆ ಒಂದೇ ಬಿರುಗಾಳಿಗೆ ಸಿಕ್ಕಿದ ಎರಡು ಮರಗಳಲ್ಲಿ ಒಂದರ ಬೇರನ್ನು ಮೊದಲೇ ಕತ್ತರಿಸಿಟ್ಟಿದ್ದರೆ, ಎರಡೂ ಗಾಳಿಗೆ ಉರುಳಿದುವೆಂದು ಹೇಳಿ ಸುಮ್ಮನಾಗುವುದು ಸರಿಯಾದ ವಿಚಾರಣೆಯಲ್ಲ.

ಆ ಕತ್ತರಿ ಯಾವುದೆಂದರೆ ಸಾಲ. ಬೇಸಾಯದಲ್ಲಿ ಬಿತ್ತನೆಗೊಂದು ಗಳಿಗೆಯುಂಟು; ಬಿತ್ತನೆಯ ಹೊತ್ತಿಗೆ ಬಾರದ ಹಣ ಕೊಯ್ಲಿನ ಹೊತ್ತಿಗೆ ಬಂದರೆ ಬಂದಂತಲ್ಲ. ದೇಶದುದ್ದಕ್ಕೂ ಕಪ್ಪು ರೈತರು ಸರಕಾರದ ಕೃಷಿಸಾಲಕ್ಕೆ ಅರ್ಜಿ ಹಾಕಿದಾಗ, ಬಿಳಿಯ ನೆರೆಯವನ ಅರ್ಜಿ ವಾರಗಳಲ್ಲಿ ಇತ್ಯರ್ಥವಾಗುತ್ತಿದ್ದಲ್ಲಿ ತಮ್ಮದು ತಿಂಗಳುಗಟ್ಟಲೆ ಕೊಳೆಯುವುದನ್ನೂ, ಇಲ್ಲದ ನೆಪದಿಂದ ತಿರಸ್ಕೃತವಾಗುವುದನ್ನೂ ಕಂಡರು. ೧೯೨೦ರಲ್ಲಿ ಅಮೆರಿಕದಲ್ಲಿ ಕಪ್ಪು ರೈತರು ಸುಮಾರು ೯,೨೫,೦೦೦ ಮಂದಿ ಇದ್ದರು. ೧೯೯೭ರ ಕೃಷಿಗಣತಿಯ ವೇಳೆಗೆ ಅವರು ೧೯,೦೦೦ಕ್ಕಿಂತಲೂ ಕಡಮೆಯಾದರು. ಅದೇ ೧೯೯೭ರಲ್ಲಿ ಕಪ್ಪು ರೈತರು ಕೃಷಿ ಇಲಾಖೆಯ ಮೇಲೆ ಹೂಡಿದ, ಪಿಗ್‌ಫರ್ಡ್ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯವು ೧೯೯೯ರಲ್ಲಿ ರಾಜಿಯಾಗಿ, ಸರಕಾರವು ಪರಿಹಾರ ಕೊಡಬೇಕಾಗಿ ಬಂದಿತು. ಪರಿಹಾರದ ಹಣ ಬಂದಿತು. ಅಷ್ಟರಲ್ಲಿ ಹರಾಜಾಗಿದ್ದ ಹೊಲ ಮರಳಿ ಬರಲಿಲ್ಲ. ಕೃಷಿಯ ಅನ್ಯಾಯಕ್ಕೆ ನ್ಯಾಯಾಲಯದಲ್ಲಿ ಸಿಕ್ಕುವ ಉತ್ತರ ಸಾಮಾನ್ಯವಾಗಿ ಮುಂದಿನ ತಲೆಮಾರಿಗೆ ಸಿಕ್ಕುವ ಉತ್ತರ.

ಆ ಮೊಕದ್ದಮೆ ಹೂಡುವುದಕ್ಕೆ ಒಂದು ವರ್ಷ ಮುಂಚೆ, ೧೯೯೬ರ ನವೆಂಬರಿನಲ್ಲಿ, ನಿಕೋಡೀಮಸ್ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿತವಾಯಿತು. ಊರು ಬಿಟ್ಟುಹೋದವರ ಮಕ್ಕಳು ಮೊಮ್ಮಕ್ಕಳು ಹಟಹಿಡಿದು ಪಡೆದ ಗೌರವವದು. ಅದನ್ನು ಕಿರಿದುಮಾಡುವ ಇಚ್ಛೆ ನನಗೆ ಕಿಂಚಿತ್ತೂ ಇಲ್ಲ. ಸ್ಮಾರಕವೆಂದು ಹೆಸರಿಸಿದುದು ಐದು ಕಟ್ಟಡಗಳನ್ನು: ಫ್ಲೆಚರ್ ದಂಪತಿಗಳ ಕಾಲದ ಸೇಂಟ್ ಫ್ರಾನ್ಸಿಸ್ ಹೋಟೆಲು, ೧೮೮೫ರ ಮೆಥಡಿಸ್ಟ್ ಮಂದಿರ, ೧೯೦೭ರ ಬ್ಯಾಪ್ಟಿಸ್ಟ್ ಮಂದಿರ, ೧೯೧೮ರ ಶಾಲೆ, ೧೯೩೯ರ ಪುರಭವನ. ವಸತಿ, ಪ್ರಾರ್ಥನೆ, ವಿದ್ಯೆ, ಸ್ವಯಮಾಡಳಿತ ಎಂಬ ನಾಲ್ಕು ಪುರುಷಾರ್ಥಗಳಿಗೂ ಈ ಪಟ್ಟಿಯಲ್ಲಿ ಒಂದೊಂದು ಗುರುತಿದೆ. ಇವೆಲ್ಲವನ್ನೂ ಸಾಕಿದ ಐದನೆಯ ಪುರುಷಾರ್ಥವಾದ ಬೇಸಾಯಕ್ಕೆ ಮಾತ್ರ ಗುರುತಿಲ್ಲ. ಪಟ್ಟಿಯಲ್ಲಿ ಆರನೆಯದಾಗಿ ಸೇರಬೇಕಾದ ಸ್ಮಾರಕವೊಂದುಂಟು, ಅದು ಹೊಲ. ಕಂಬಿಬೇಲಿಯೊಳಗೆ ಫಲಕ ನೆಟ್ಟು ಪ್ರದರ್ಶಿಸುವ ಹೊಲವಲ್ಲ, ಆ ಕುಟುಂಬಗಳವರೇ ಉತ್ತು ಬಿತ್ತಿ ಬೆಳೆ ಮಾರುವ ಹೊಲ.

ಇದು ಭಾವುಕನ ಕನಸೆಂದು ತಳ್ಳಿಹಾಕುವವರು ಆ ನೆಲದ ಇತ್ತೀಚಿನ ಚರಿತ್ರೆಯನ್ನಾದರೂ ನೋಡಬೇಕು. ನಿಕೋಡೀಮಸ್ಸಿನಲ್ಲಿ ಹುಟ್ಟಿ ಬೆಳೆದು, ೧೯೫೪ರಲ್ಲಿ ಅಮೆರಿಕನ್ ಫುಟ್‌ಬಾಲಿನ ಅತ್ಯುಚ್ಚ ಪಂಕ್ತಿಗೆ ಗ್ರೀನ್ ಬೇ ತಂಡದಿಂದ ಆರಿಸಲ್ಪಟ್ಟ ವೆರಿಲ್ ಸ್ವಿಟ್ಜರ್ ಎಂಬ ಆಟಗಾರನು, ಕೀರ್ತಿ ಬಂದ ಮೇಲೂ, ವಿಶ್ವವಿದ್ಯಾನಿಲಯದಲ್ಲಿ ಅಧಿಕಾರ ಬಂದ ಮೇಲೂ, ತನ್ನ ಊರಿನ ಭೂಮಿಯ ಒಡೆತನವನ್ನು ಬಿಡದೆ ಉಳಿಸಿಕೊಂಡನು. ಕ್ಯಾನ್ಸಸ್ಸಿನ ಕಪ್ಪು ರೈತರು ಸಂಘ ಕಟ್ಟಿಕೊಂಡು, ಸಗಟು ಗೋದಿಯ ಬೆಲೆ ಯಾರದೋ ಮರ್ಜಿಯಂತೆ ಏರಿಳಿಯುವುದರಿಂದ ಬೇಸತ್ತು, ಇಥಿಯೋಪಿಯದ ಟೆಫ್ ಎಂಬ, ರಾಗಿಗಿಂತಲೂ ಎಷ್ಟೋ ಕಿರಿದಾದ, ಬರ ತಡೆಯುವ ಧಾನ್ಯವನ್ನು ಆ ನೆಲದಲ್ಲಿ ಬೆಳೆದು ನೋಡಿದರು. ಪೂರ್ವಿಕರನ್ನು ಹಡಗಿನಲ್ಲಿ ತುಂಬಿ ತಂದ ಖಂಡದ ಕಾಳನ್ನು ಮೊಮ್ಮಕ್ಕಳು ಸ್ವಂತ ಹೊಲದಲ್ಲಿ ಬಿತ್ತಿದುದು ಸಣ್ಣ ಸಂಗತಿಯಲ್ಲ.

ಅಂಥ ಕಾಳುಗಳಲ್ಲಿ ಇನ್ನೊಂದು ನಮಗೆ ತೀರ ಪರಿಚಿತವಾದುದು. ಗೋದಿಯ ಜೊತೆಗೆ ಆ ಬಯಲು ಹೇರಳವಾಗಿ ಬೆಳೆಯುವುದು ಜೋಳವನ್ನು. ಅಲ್ಲಿಯವರು ಅದನ್ನು ಮೈಲೋ ಎನ್ನುತ್ತಾರೆ. ಆಫ್ರಿಕದಲ್ಲಿ ಮನುಷ್ಯನ ಕೈಗೆ ಪಳಗಿದ ಈ ಧಾನ್ಯ ಸಹಸ್ರಾರು ವರ್ಷಗಳ ಹಿಂದೆ ಪೂರ್ವಕ್ಕೆ ಬಂದು ವಿಜಯಪುರ ಕಲಬುರಗಿಗಳ ಎರೆಯಲ್ಲಿ ನಮ್ಮ ರೊಟ್ಟಿಯಾಯಿತು; ಬಹಳ ಕಾಲದ ಮೇಲೆ ದಾಸರ ಹಡಗುಗಳ ಕಾಲದಲ್ಲಿ ಪಶ್ಚಿಮಕ್ಕೆ ಹೋಗಿ, ಕೊನೆಗೆ ಕ್ಯಾನ್ಸಸ್ಸಿನಲ್ಲಿ ಹೆಚ್ಚಿನಂಶ ದನಗಳ ಮೇವೂ ಇಂಧನದ ಕಚ್ಚಾವಸ್ತುವೂ ಆಯಿತು. ಒಣನೆಲದಲ್ಲಿ ಜೋಳವನ್ನು ನಂಬಿ ಬಾಳುವುದೆಂದರೇನು, ಮಳೆ ಒಂದು ವಾರ ತಡೆದರೆ ಮನೆಯ ಯಜಮಾನನ ಮುಖ ಹೇಗಾಗುತ್ತದೆ ಎಂಬುದನ್ನು ನಮ್ಮ ಉತ್ತರದ ಜಿಲ್ಲೆಗಳವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ನಿಕೋಡೀಮಸ್ಸಿನ ರೈತನ ಕಥೆ ಕನ್ನಡಿಗನಿಗೆ ಅಷ್ಟೇನೂ ದೂರದ ಕಥೆಯಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಗೂ ಕೃಷಿಸಾಲ ಕೊಡುವ ಇಲಾಖೆಗೂ ನಡುವೆ ಇರುವ ಗೋಡೆ ಒಡೆಯಬೇಕು. ಒಂದು ಕೈಯಿಂದ ತಾತನ ಮನೆಗೆ ಸುಣ್ಣ ಬಳಿಯುತ್ತ ಇನ್ನೊಂದು ಕೈಯಿಂದ ಮೊಮ್ಮಗನ ಅರ್ಜಿಯನ್ನು ಹಿಂದಕ್ಕೆ ತಳ್ಳುವ ರಾಜ್ಯವು ಯಾವುದನ್ನೂ ರಕ್ಷಿಸಿದಂತಾಗುವುದಿಲ್ಲ. ಎರಡನೆಯದಾಗಿ, ನಗರದಲ್ಲಿ ನೆಲಸಿದ ಹತ್ತು ಮಂದಿ ವಾರಸುದಾರರ ನಡುವೆ ಹೋಳಾದ ಹಿಡುವಳಿಯು ಮೊದಲು ಹಣ ತೋರಿಸಿದವನ ಪಾಲಾಗದಂತೆ, ಅದೇ ಸಮುದಾಯದ ಯುವಕನೊಬ್ಬನು ಕೊಂಡುಕೊಳ್ಳಲು ಬೇಕಾದ ದೀರ್ಘಾವಧಿಯ ಸುಲಭ ಸಾಲ ಏರ್ಪಡಬೇಕು. ಮೂರನೆಯದಾಗಿ, ಬೆಳೆದ ಕಾಳು ಹಿಟ್ಟಾಗಿ ಚೀಲ ಸೇರುವ ಕೆಲಸವು ಆ ಊರಿನಲ್ಲಿಯೇ ನಡೆದು, ಅದರ ಕೂಲಿಯೂ ಲಾಭವೂ ಅಲ್ಲಿಯೇ ನಿಲ್ಲಬೇಕು. ೧೪ ಜನರಿಗೋಸ್ಕರ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಒಂದು ದೇಶವು ಕೊಡುವೆನೆಂದು ಹೇಳಿ ಹಿಂದೆಗೆದುಕೊಂಡ ನೆಲದ ಲೆಕ್ಕದಲ್ಲಿ ಈ ಸಣ್ಣ ಮೊತ್ತವಾದರೂ ಸಂದಾಯವಾಗಲಿ ಎಂಬುದು ನನ್ನ ಉತ್ತರ.

ಅಲ್ಲದೆ, ಅವರು ನಿಜವಾಗಿ ೧೪ ಜನರಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ೧೮೩೪ರ ಆಗಸ್ಟ್ ೧ರಂದು ಜಾರಿಗೆ ಬಂದ ದಾಸ್ಯವಿಮೋಚನೆಯ ನೆನಪಿಗಾಗಿ ಆ ಊರಿನವರು ೧೮೭೮ರಲ್ಲಿಯೇ ಒಂದು ಹಬ್ಬವನ್ನು ತೊಡಗಿಸಿದರು. ತಮ್ಮ ತಲೆಯ ಮೇಲೆ ಮಾಡಿಲ್ಲದಿದ್ದ ಕಾಲದಲ್ಲಿ ದೂರದ ದ್ವೀಪದವರ ಬಿಡುಗಡೆಯನ್ನು ತಮ್ಮದೆಂದು ಕೊಂಡಾಡ ಹೊರಟ ಜನ ಅವರು. ಆ ಹಬ್ಬ ಇಂದು ಹೋಮ್‌ಕಮಿಂಗ್, ಎಂದರೆ ಮನೆಗೆ ಮರಳುವ ಹಬ್ಬವಾಗಿದೆ. ಜುಲೈ ತಿಂಗಳ ಕೊನೆಯಲ್ಲಿ ದೇಶದ ಮೂಲೆಮೂಲೆಗಳಿಂದ ನೂರಾರು ಮಂದಿ ಬರುತ್ತಾರೆ. ಮೆರವಣಿಗೆ ನಡೆಯುತ್ತದೆ, ಪ್ರಾರ್ಥನೆಯಾಗುತ್ತದೆ, ಹಿರಿಯರು ಕುಳಿತಲ್ಲಿಗೆ ಮಕ್ಕಳನ್ನು ಕರೆತಂದು ಇವನು ಇಂಥವರ ಮರಿಮಗನೆಂದು ಹೇಳಿ ತೋರಿಸುತ್ತಾರೆ. ಗಣತಿಯವನು ಏಪ್ರಿಲಿನಲ್ಲಿ ಬಂದು ಎಣಿಸುತ್ತಾನೆ. ಊರು ಜುಲೈಯಲ್ಲಿ ನೆರೆಯುತ್ತದೆ.

ಅವರು ಬರುವ ಹೊತ್ತಿಗೆ ಚಳಿಗಾಲದ ಗೋದಿಯ ಕೊಯ್ಲು ಮುಗಿದಿರುತ್ತದೆ. ಊರಿನ ಸುತ್ತ, ಕಣ್ಣು ಹರಿಯುವವರೆಗೆ, ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗಿದ ಕೂಳೆ. ನಡುನಡುವೆ ಇನ್ನೂ ಹಸುರಾಗಿ ನಿಂತ ಮೈಲೋ. ಡೆನ್ವರಿನಲ್ಲಿ ಹುಟ್ಟಿದ ಮಗುವೊಂದು ಅಜ್ಜಿಯ ಕೈಹಿಡಿದುಕೊಂಡು ರಸ್ತೆಯಂಚಿನಲ್ಲಿ ನಿಂತು, ಈ ಹೊಲ ಯಾರದು ಎಂದು ಕೇಳಿದರೆ, ನಮ್ಮದಾಗಿತ್ತು ಎಂದು ಆಕೆ ಹೇಳಬೇಕಾಗುವುದೋ, ನಮ್ಮದು ಎಂದು ಹೇಳಲು ಬರುವುದೋ? ಐದು ಕಟ್ಟಡಗಳನ್ನು ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಆ ಪ್ರಶ್ನೆಗೆ ಅವುಗಳಿಂದ ಉತ್ತರ ಸಿಕ್ಕುವಂತಿಲ್ಲ. ಹೊಗೆಯನ್ನು ಕಂಡು ಅತ್ತ ವಿಲಿಯಾನಾ ಹಿಕ್‌ಮನ್ ಆ ದಿವಸವೇ ಹಿಂದಿರುಗಬಹುದಾಗಿತ್ತು, ಹಿಂದಿರುಗಿದವರೂ ಇದ್ದರು. ಆಕೆ ಕಣ್ಣೊರೆಸಿಕೊಂಡು ಗಂಡನೊಡನೆ ಇನ್ನೂ ಕೆಲವು ಮೈಲಿ ಮುಂದಕ್ಕೆ ಹೋಗಿ, ತನ್ನ ಪಾಲಿನ ನೆಲವನ್ನು ಹುಡುಕಿಕೊಂಡು ಅಲ್ಲಿ ನೆಲಸಿದಳು. ಆಕೆ ಅಷ್ಟು ದೂರ ನಡೆದುಬಂದುದು ಆ ನೆಲಕ್ಕಾಗಿ.